ಈ ವಯಸ್ಸಿನಲ್ಲಿ ಓದಿ ಏನು ಮಾಡುತ್ತೀ?

ನಮ್ಮ ಕರಾವಳಿಯಿಂದ ಅಮೆರಿಕಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ವರ್ಷ ನರ್ಸ್ ಆಗಿ ದುಡಿದ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತು ದಾಟಿದೆ. ಒಂದು ರಾತ್ರಿ ಊಟದ ಹೊತ್ತಿಗೆ ಆಕೆ, "ನಾನು ಎಂ.ಎ.ಗೆ ಸೇರಬೇಕೆಂದಿದ್ದೇನೆ" ಎನ್ನುತ್ತಾಳೆ. ಯಾವ ವಿಷಯ ಎಂದು ಗಂಡ ಕೇಳಿದರೆ, "ಒಂದೇ ವಿಷಯವಲ್ಲ, ತತ್ತ್ವಶಾಸ್ತ್ರ, ಇತಿಹಾಸ, ಸಾಹಿತ್ಯ, ದೇವಶಾಸ್ತ್ರ ಎಲ್ಲ ಸೇರಿದ್ದು" ಎಂಬ ಉತ್ತರ. ಇದರಿಂದ ಬಡ್ತಿ ಸಿಗುವುದಿಲ್ಲ, ಸಂಬಳವೂ ಏರುವುದಿಲ್ಲ. ಹಾಗಾದರೆ ಓದಿ ಏನು ಮಾಡುತ್ತೀ?

ಇಂಥ ಪದವಿ ನಿಜಕ್ಕೂ ಇದೆ. ಅದನ್ನು 'ಲಿಬರಲ್ ಸ್ಟಡೀಸ್' ಎನ್ನುತ್ತಾರೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯ 1953ರಲ್ಲಿ, ಮುಖ್ಯವಾಗಿ ಶಾಲಾ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಆರಂಭಿಸಿತು. ವಾಷಿಂಗ್ಟನ್ನಿನಲ್ಲಿ ಯೇಸುಸಭೆಯವರು ನಡೆಸುವ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೂ 1970ರ ದಶಕದಲ್ಲಿ ಇದು ಬಂತು. ಕೆಲಸ ಮುಗಿಸಿ ಬರುವವರಿಗಾಗಿ ತರಗತಿಗಳು ಹೆಚ್ಚಾಗಿ ಸಂಜೆ ನಡೆಯುತ್ತವೆ. ಸಾಮಾನ್ಯವಾಗಿ ಹತ್ತು ಹನ್ನೆರಡು ಪಾಠಕ್ರಮ, ಕೊನೆಗೊಂದು ಪ್ರಬಂಧ. ವರ್ಷಕ್ಕೆ ಎರಡರಂತೆ ಮುಗಿಸಿದರೆ ಐದಾರು ವರ್ಷ ಹಿಡಿಯುತ್ತದೆ.

ಹಲವು ಶಾಸ್ತ್ರಗಳು ಒಟ್ಟಿಗೆ ಏಕೆ? ಆ ನರ್ಸಿನ ಕೆಲಸವನ್ನೇ ನೋಡೋಣ. ಸಾಯುತ್ತಿರುವ ತಂದೆಯ ಉಸಿರಾಟದ ಯಂತ್ರವನ್ನು ತೆಗೆಯಬೇಕೇ ಬೇಡವೇ ಎಂದು ಮಕ್ಕಳು ಆಸ್ಪತ್ರೆಯ ಮೊಗಸಾಲೆಯಲ್ಲಿ ಜಗಳವಾಡುವುದನ್ನು ಆಕೆ ಎಷ್ಟೋ ಬಾರಿ ಕಂಡಿದ್ದಾಳೆ. ಶ್ವಾಸಕೋಶ ಇನ್ನೆಷ್ಟು ದಿನ ತಡೆದೀತು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಯಾರ ಸಹಿ ಬೇಕೆಂದು ಕಾನೂನು ಹೇಳುತ್ತದೆ. ಜೀವ ಉಳಿಸಲು ಅಸಾಧಾರಣ ಉಪಾಯಗಳನ್ನೆಲ್ಲ ಹೂಡಲೇಬೇಕೆಂಬ ಕಡ್ಡಾಯವಿಲ್ಲ ಎಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1957ರಲ್ಲಿ ಅರಿವಳಿಕೆ ವೈದ್ಯರಿಗೆ ಹೇಳಿದ್ದರು. ಸಾಯುವವನ ಮುಂದೆ ಮನೆಯವರೆಲ್ಲ 'ಏನೂ ಆಗಿಲ್ಲ' ಎಂದು ನಟಿಸುವಾಗ ಅವನ ಒಳಗೆ ಏನಾಗುತ್ತದೆ ಎಂಬುದನ್ನು ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟವಾದ 'ಇವಾನ್ ಇಲಿಚ್‌ನ ಸಾವು' ಎಂಬ ನೀಳ್ಗತೆಯಲ್ಲಿ ತೋರಿಸಿದ. ಆಕೆಯ ಪ್ರಶ್ನೆ ಒಂದೇ. ಆದರೆ ಅದಕ್ಕೆ ಉತ್ತರದ ಚೂರುಗಳು ನಾಲ್ಕು ಕಪಾಟುಗಳಲ್ಲಿ ಬಿದ್ದಿವೆ. ಅವನ್ನು ಒಂದೇ ಮೇಜಿನ ಮೇಲೆ ತಂದಿಡುವ ಕೆಲಸವನ್ನು ವ್ಯರ್ಥವೆಂದು ಹೇಳಲು ನನ್ನ ನಾಲಿಗೆ ಬಾರದು.

ಹಾಗೆಂದು ಓದೆಲ್ಲವೂ ಪವಿತ್ರ ಎನ್ನುವಂತಿಲ್ಲ. ಸಂತ ತೋಮಸ್ ಅಕ್ವಿನಾಸರು ಜ್ಞಾನದ ಹಂಬಲವನ್ನು ಮಿತಸಂಯಮ ಎಂಬ ಸದ್ಗುಣದ ಕೆಳಗೆ ಇಟ್ಟು ವಿಚಾರ ಮಾಡಿದರು. ಅನ್ನಪಾನಗಳ ಆಸೆಗೆ ಹದ ಬೇಕಾದಂತೆ ಇದಕ್ಕೂ ಹದ ಬೇಕು. ಗರ್ವಕ್ಕಾಗಿ ಕಲಿಯುವುದು ತಪ್ಪು. ತನ್ನ ಸ್ಥಾನಕ್ಕೆ ಸಂದ ಕರ್ತವ್ಯವನ್ನು ಬದಿಗಿಟ್ಟು ಇನ್ನೊಂದರ ಹಿಂದೆ ಹೋಗುವುದೂ ತಪ್ಪು. ಶುಭಸಂದೇಶ ಬಿಟ್ಟು ನಾಟಕ ಓದುತ್ತಿದ್ದ ಗುರುಗಳನ್ನು ಸಂತ ಜೆರೋಮರು ಗದರಿಸಿದ್ದನ್ನು ಅವರು ಇಲ್ಲಿ ನೆನೆಯುತ್ತಾರೆ. (ಜೆರೋಮರಿಗೆ ಸಿಟ್ಟು ಬೇಗ ಬರುತ್ತಿತ್ತು ಎಂಬುದು ಬೇರೆ ಮಾತು.) 2019ರಲ್ಲಿ ಸಂತಪದವಿ ಪಡೆದ ಕಾರ್ಡಿನಲ್ ನ್ಯೂಮನ್ನರು 1852ರಲ್ಲಿ ಡಬ್ಲಿನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ, ಜ್ಞಾನವು ಸಂಪಾದನೆಗೆ ಒದಗದಿದ್ದರೂ ತನ್ನಷ್ಟಕ್ಕೆ ತಾನೇ ಬೆಲೆಯುಳ್ಳದ್ದು ಎಂದು ವಾದಿಸಿದರು. ಆದರೆ ಅದು ಮನುಷ್ಯನನ್ನು ಸಭ್ಯನನ್ನಾಗಿ ಮಾಡೀತೇ ಹೊರತು ಪುಣ್ಯವಂತನನ್ನಾಗಿ ಮಾಡದು ಎಂದೂ ಅದೇ ಉಪನ್ಯಾಸಗಳಲ್ಲಿ ಎಚ್ಚರಿಸಿದರು. ಪದವೀಧರರಿರುವ ಮನೆಗಳಲ್ಲಿ ಇದಕ್ಕೆ ಪುರಾವೆ ಹುಡುಕಬೇಕಾಗಿಲ್ಲ.

ನನಗೆ ಕಷ್ಟವೆನಿಸುವ ಪ್ರಶ್ನೆ ಬೇರೆಯದು. ಅದು 'ಲಿಬರಲ್' ಎಂಬ ಪದದಲ್ಲೇ ಅಡಗಿದೆ. ಲತೀನ್ ಮೂಲದಲ್ಲಿ ಅದಕ್ಕೆ ಸ್ವತಂತ್ರನಿಗೆ ತಕ್ಕದ್ದು ಎಂಬ ಅರ್ಥ. ವ್ಯಾಕರಣ, ತರ್ಕ, ವಾಕ್ಪಟುತ್ವ, ಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ಏಳು ವಿದ್ಯೆಗಳಿಗೆ ಆ ಹೆಸರು ಸಂದಿತ್ತು. ಗ್ರೀಕರ, ರೋಮನರ ಕಾಲದಲ್ಲಿ ಆ ಸ್ವತಂತ್ರನಿಗೆ ಓದಲು ಬಿಡುವು ಎಲ್ಲಿಂದ ಬಂತು? ಅವನ ಹೊಲ ಉಳುತ್ತಿದ್ದವನು, ಅವನ ಅಡಿಗೆ ಮಾಡುತ್ತಿದ್ದವಳು ಗುಲಾಮರಾಗಿದ್ದರು.

ಇಂದು ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲ. ಆದರೆ ಮಂಗಳವಾರ ಸಂಜೆ ತಾಯಿ ತರಗತಿಗೆ ಹೋದರೆ ಅಡಿಗೆ ಯಾರು ಮಾಡುತ್ತಾರೆ? ಕಾಯಿಲೆ ಬಿದ್ದ ಮಾವನಿಗೆ ಮಾತ್ರೆ ಕೊಡುವವರು ಯಾರು? ದೇವರಿಗೆ ಅರ್ಪಿತ ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದುದನ್ನು ತಪ್ಪಿಸುತ್ತಿದ್ದವರನ್ನು ಯೇಸುಸ್ವಾಮಿ ಖಂಡಿಸಿದರು. 'ಓದು ಒಳ್ಳೆಯದು' ಎಂಬ ಮಾತೂ ಹಾಗೆ ನೆಪವಾಗಿಬಿಡಬಹುದು. ಇದನ್ನು ಕೇವಲ ಹೆಂಗಸರಿಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಗಂಡಸು ಸಂಜೆ ಕಾಲೇಜಿಗೆ ಹೊರಟಾಗ ಅಡಿಗೆಯ ಪ್ರಶ್ನೆಯನ್ನು ಯಾರೂ ಎತ್ತುವುದೇ ಇಲ್ಲ, ಅನ್ಯಾಯವಿರುವುದು ಅಲ್ಲಿಯೇ.

ಆದ್ದರಿಂದ ಆ ತಾಯಿಗೆ ನಾನು "ಬೇಡ" ಎನ್ನಲಾರೆ. ಇಪ್ಪತ್ತೈದು ವರ್ಷ ಅವಳ ದುಡಿಮೆಯ ಮೇಲೆ ಉಳಿದವರು ಓದಿದ್ದಾರೆ. ಈಗ ವಾರಕ್ಕೊಂದು ಸಂಜೆ ಕೇಳುವುದು ಅವಳ ಹಕ್ಕು. ಆದರೆ ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಕುಳಿತು, ಯಾರು ಏನನ್ನು ಹೊರುತ್ತಾರೆ, ಎಷ್ಟು ವರ್ಷ, ಶುಲ್ಕ ಯಾವ ಹಣದಿಂದ ಎಂದು ಬಾಯಿಬಿಟ್ಟು ಮಾತಾಡಲಿ. ಮಗಳ ಮದುವೆಗೆಂದು ಕೂಡಿಟ್ಟ ಹಣವಾದರೆ ಮಗಳನ್ನೂ ಕೇಳಬೇಕು. ಇಂಥ ಮನೆಗಳಲ್ಲಿ ಹೆಚ್ಚಿನ ಭಾರ ಬೀಳುವುದು ಊರಿನಿಂದ ಬಂದು ಮೊಮ್ಮಕ್ಕಳನ್ನು ಸಾಕಿ, ಮಗನ ಬಳಿಯೇ ನೆಲೆಸಿದ ಅತ್ತೆಯ ಮೇಲೆ. ಆಕೆಯ ಒಪ್ಪಿಗೆಯನ್ನಂತೂ ಮೊದಲು ಪಡೆಯಬೇಕು.

ಅಂದ ಹಾಗೆ, ಅಮೆರಿಕದ ಹಲವು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಆ ರಾಜ್ಯದ ನಿವಾಸಿಗಳಾದ ಹಿರಿಯರು, ಜಾಗ ಉಳಿದಿದ್ದರೆ, ಬೋಧನಾ ಶುಲ್ಕವಿಲ್ಲದೆ ತರಗತಿಯಲ್ಲಿ ಕುಳಿತು ಪಾಠ ಕೇಳಬಹುದು. ಹಾಗೆ ಕೇಳುವವರಿಗೆ ಪರೀಕ್ಷೆಯಿಲ್ಲ, ಪದವಿಯೂ ಇಲ್ಲ. ಆ ಅತ್ತೆಗೂ ಓದಬೇಕೆನಿಸಿದ್ದು ಏನಾದರೂ ಇದ್ದೀತು. ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.