ಭಕ್ತರು ಆಡಬೇಕಿದ್ದ ಜಗಳ

ಮೈಲಾಪುರದ ಕಪಾಲೀಶ್ವರನಿಗೆ ಸೋಮವಾರ ತಪ್ಪದೆ ಕೈಮುಗಿಯುವವಳು ನಾನು. ಹಣೆಗೆ ವಿಭೂತಿಯಿಲ್ಲದೆ ಮನೆಯ ಹೊಸಿಲು ದಾಟುವುದಿಲ್ಲ. ಹಾಗಿದ್ದೂ ವೇಪೇರಿಯ ಪೆರಿಯಾರ್ ತಿಡಲಿನಲ್ಲಿ ಮಣ್ಣಾಗಿರುವ ‘ಪೆರಿಯಾರ್’ ಈ.ವೆ. ರಾಮಸಾಮಿಯವರನ್ನು ನಾನು ಗೌರವಿಸುತ್ತೇನೆ. ದೇವರೇ ಇಲ್ಲವೆಂದವರ ಮೇಲೆ ನಿನಗೇಕಿಷ್ಟು ಅಭಿಮಾನ ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ.

ಪೆರಿಯಾರರ ಮನೆಮಾತೂ ನಮ್ಮ ಕನ್ನಡವೇ. 1879ರಲ್ಲಿ ಈರೋಡಿನಲ್ಲಿ ಹುಟ್ಟಿದವರು, ನಾಲ್ಕಾರು ವರ್ಷ ಶಾಲೆ ಕಂಡು, 12ರ ಹೊತ್ತಿಗೆ ಅಪ್ಪನ ಮಂಡಿಯಲ್ಲಿ ವ್ಯಾಪಾರಕ್ಕೆ ಕೂತರು. ಮನೆಗೆ ಬರುತ್ತಿದ್ದ ವೈಷ್ಣವ ಪಂಡಿತರ ಪುರಾಣ ಕೇಳಿ, ಅವರನ್ನೇ ಪ್ರಶ್ನಿಸುತ್ತ ಬೆಳೆದರು. ಅದೇ ಅವರ ವಿದ್ಯಾಭ್ಯಾಸ.

1904ರಲ್ಲಿ ಕಾಶಿಗೆ ಹೋದರು. ಅವರೇ ಹೇಳಿಕೊಂಡಂತೆ, ಹಸಿದು ಛತ್ರಕ್ಕೆ ಹೋದರೆ ಅಲ್ಲಿ ಬ್ರಾಹ್ಮಣರಿಗೆ ಮಾತ್ರ ಊಟ. ಜನಿವಾರ ಹಾಕಿಕೊಂಡು ನುಗ್ಗಿದರು. ಮೀಸೆ ಗುಟ್ಟು ಬಿಟ್ಟುಕೊಟ್ಟಿತು. ಕಾವಲುಗಾರ ಬೀದಿಗೆ ದಬ್ಬಿದ. ಹಸಿವು ತಡೆಯದೆ ಹೊರಗೆ ಎಸೆದಿದ್ದ ಎಂಜಲೆಲೆಯಲ್ಲಿ ಉಂಡರು. ಆಮೇಲೆ ತಿಳಿಯಿತು, ಆ ಛತ್ರ ಕಟ್ಟಿಸಿದವನು ದಕ್ಷಿಣದ ಒಬ್ಬ ಬ್ರಾಹ್ಮಣೇತರ ವರ್ತಕ. ದುಡ್ಡು ಯಾರದು, ಉಣ್ಣುವವರು ಯಾರು? ಈ ಲೆಕ್ಕ ಮಂಡಿಯಲ್ಲಿ ಕೂತವನಿಗಲ್ಲದೆ ಇನ್ನಾರಿಗೆ ಹೊಳೆಯಬೇಕು!

ಮುಂದೆ ಈರೋಡಿನ ಪುರಸಭಾಧ್ಯಕ್ಷರಾದರು, ಕಾಂಗ್ರೆಸ್ ಸೇರಿದರು. ವೈಕಂ ದೇಗುಲದ ಸುತ್ತಲ ಬೀದಿಯಲ್ಲಿ ಎಲ್ಲ ಜಾತಿಯವರೂ ನಡೆಯಲೆಂದು 1924ರಲ್ಲಿ ಜೈಲು ಕಂಡರು. 1944ರಲ್ಲಿ ದ್ರಾವಿಡರ್ ಕಳಗಂ ಎಂಬ ಸಂಘಟನೆ ಕಟ್ಟಿದರೂ ಚುನಾವಣೆಗೆ ನಿಲ್ಲಲಿಲ್ಲ. 1953ರಲ್ಲಿ ಗಣಪತಿಯ ಮೂರ್ತಿಗಳನ್ನು ಒಡೆದರು. ಅದನ್ನು ಮಾತ್ರ ನಾನು ಎಂದಿಗೂ ಒಪ್ಪಲಾರೆ. ನನ್ನ ಅಜ್ಜಿ ಪೂಜಿಸಿದ ದೇವರದು.

ಆದರೆ ಅವರ ಕೊನೆಯ ಹೋರಾಟ ನೋಡಿ: ಎಲ್ಲ ಜಾತಿಯವರೂ ಅರ್ಚಕರಾಗಬೇಕು. ತಾನು ನಂಬದ ದೇವರ ಗರ್ಭಗುಡಿಗೆ, ನಂಬುವ ಇನ್ನೊಬ್ಬನನ್ನು ಬಿಡಿ ಎಂದು 90 ದಾಟಿದ ನಾಸ್ತಿಕ ಕೇಳಿದರು. 1970ರಲ್ಲಿ ಕರುಣಾನಿಧಿ ಸರ್ಕಾರ ಕಾಯ್ದೆ ತಂದಿತು. 1972ರಲ್ಲಿ ಸುಪ್ರೀಂ ಕೋರ್ಟ್, ಅರ್ಚಕತನ ವಂಶದ ಹಕ್ಕಲ್ಲ ಎಂದಿತಾದರೂ ಗುಡಿಯ ಪೂಜಾವಿಧಿ ಹೇಳುವ ಆಗಮದ ಕಟ್ಟಳೆಯನ್ನು ಉಳಿಸಿತು. ಮರುವರ್ಷ ಡಿಸೆಂಬರ್ 24ರಂದು ಪೆರಿಯಾರ್ ತೀರಿಕೊಂಡರು. ತರಬೇತಿ ಪಡೆದ ವಿವಿಧ ಜಾತಿಗಳ 24 ಮಂದಿಗೆ ಅರ್ಚಕರ ನೇಮಕಾತಿ ಪತ್ರ ಸಿಕ್ಕಿದ್ದು 2021ರಲ್ಲಿ.

ಕನಕನಿಗಾಗಿ ಉಡುಪಿಯ ಕೃಷ್ಣ ತಿರುಗಿದನೆಂದು ನಾವು ಕನ್ನಡಿಗರು ಎದೆಯುಬ್ಬಿಸಿ ಹೇಳುತ್ತೇವೆ. ಕನಕನನ್ನು ಒಳಗೆ ಕರೆಯಬೇಕೆಂದು ಆಗ ಯಾರಿಗೂ ಅನ್ನಿಸಲಿಲ್ಲವೇ ಎಂದು ಕೇಳುವುದಿಲ್ಲ. ದೇವರೇ ಒಲಿದವನನ್ನು ಹೊರಗೆ ನಿಲ್ಲಿಸಿದ್ದಕ್ಕಿಂತ ದೊಡ್ಡ ನಾಸ್ತಿಕತೆ ನನಗೆ ತಿಳಿಯದು. ದೇವರು ಎಲ್ಲರಲ್ಲೂ ಇದ್ದಾನೆಂದು ಬಾಯಲ್ಲಿ ಹೇಳಿ, ಪಕ್ಕದವನು ಮುಟ್ಟಿದರೆ ಮೈಲಿಗೆ ಎನ್ನುವವನ ನಂಬಿಕೆ ಎಂಥದ್ದು? ಪೆರಿಯಾರ್ ಆಡಿದ್ದು ನಾವು ಭಕ್ತರು ಆಡಬೇಕಿದ್ದ ಜಗಳ. ಅದಿನ್ನೂ ಮುಗಿದಿಲ್ಲ, ಉಳಿದದ್ದನ್ನು ವಿಭೂತಿ ಹಚ್ಚಿಕೊಂಡವರೇ ಮುಂದೆ ನಿಂತು ಆಡಬೇಕು.