ಚಳಿಗಾಲವೆಂಬ ಹಗೇವು

ಚಿಕಾಗೋದಲ್ಲಿರುವ ನನ್ನ ತಂಗಿ ಪ್ರತಿ ಜನವರಿಯಲ್ಲೂ ಫೋನಿನಲ್ಲಿ ಒಂದೇ ಮಾತು ಹೇಳುತ್ತಾಳೆ: ದೀಪದ ಸರ ಇಳಿಸಿಯಾಯಿತು, ನೆಂಟರು ಹೋದರು, ಇನ್ನು ಮೂರು ತಿಂಗಳು ಬರೀ ಕತ್ತಲೆ. ಆ ದಿನಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಕ್ರಿಸ್‌ಮಸ್ಸಿನ ಸಡಗರ ಇರುವವರೆಗೆ ಚಳಿ ಗೊತ್ತಾಗುವುದಿಲ್ಲ. ಅದು ಮುಗಿದದ್ದೇ ತಡ, ಮನಸ್ಸು ಕುಸಿಯುತ್ತದೆ. ಕುಸಿದದ್ದನ್ನು ಎತ್ತಿ ನಿಲ್ಲಿಸಲು ಹೊಸ ವರ್ಷದ ಸಂಕಲ್ಪಗಳು. ಐದಕ್ಕೆ ಏಳಬೇಕು, ಜಿಮ್ ಸೇರಬೇಕು, ಅರ್ಧಕ್ಕೆ ಬಿಟ್ಟ ಕೋರ್ಸು ಮುಗಿಸಬೇಕು. ಫೆಬ್ರವರಿ ಹೊತ್ತಿಗೆ ಅವೂ ಬಿದ್ದುಹೋಗಿ, ದಣಿವಿನ ಜೊತೆಗೆ ಅಪರಾಧಿ ಭಾವ ಬೇರೆ. ಅವಳಂಥವರಿಗಾಗಿ ಪ್ರಾಚೀನ ಚೀನಾದ ಒಂದು ವಿಚಾರವನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸಿದೆ. ಅದರ ಹೆಸರು ‘ತ್ಸಾಂಗ್’.

ವಸಂತದಲ್ಲಿ ಹುಟ್ಟು, ಬೇಸಗೆಯಲ್ಲಿ ಬೆಳವಣಿಗೆ, ಶರತ್ತಿನಲ್ಲಿ ಕೊಯ್ಲು, ಚಳಿಗಾಲದಲ್ಲಿ ತ್ಸಾಂಗ್. ವರ್ಷದ ನಾಲ್ಕು ಕೆಲಸಗಳನ್ನು ಚೀನೀಯರು ಹೀಗೆ ಹಂಚಿದರು. ಕ್ರಿ.ಪೂ. 1ನೇ ಶತಮಾನದಲ್ಲಿ ಇತಿಹಾಸಕಾರ ಸಿಮಾ ಛಿಯೆನ್ ಮುಗಿಸಿದ ಗ್ರಂಥದಲ್ಲೇ ಈ ಹಂಚಿಕೆ ಇದೆ. ತ್ಸಾಂಗ್ ಎಂದರೆ ಬಚ್ಚಿಡುವುದೂ ಹೌದು, ಕೂಡಿಡುವುದೂ ಹೌದು. ಎರಡೂ ಅರ್ಥ ಒಟ್ಟಿಗೆ ಬರುವ ಒಂದು ಮಾತು ನಮ್ಮಲ್ಲೂ ಇದೆ: ಹಗೇವು. ಸುಗ್ಗಿ ಮುಗಿದ ಮೇಲೆ ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಎಳೆದು, ಮಣ್ಣು ಮೆತ್ತುತ್ತಿದ್ದರು. ಮೇಲೆ ನಿಂತವನಿಗೆ ಅದು ಬರಿಯ ನೆಲ. ಒಳಗೆ ಊರಿನ ಬದುಕೇ ಇದೆ. ತ್ಸಾಂಗ್ ಎಂಬ ವಿಶ್ರಾಂತಿ ಈ ಬಗೆಯದು. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ‘ಹುವಾಂಗ್‌ದಿ ನೇಯ್‌ಚಿಂಗ್’ ಎಂಬ ಹಳೆಯ ವೈದ್ಯಗ್ರಂಥವಂತೂ ಚಳಿಗಾಲಕ್ಕೆ ದಿನಚರಿಯನ್ನೇ ಕೊಡುತ್ತದೆ: ಬೇಗ ಮಲಗಿ, ತಡವಾಗಿ ಎದ್ದು, ಸೂರ್ಯ ಬರುವವರೆಗೆ ಕಾಯಬೇಕು, ಮನಸ್ಸಿನ ಬಯಕೆಗಳನ್ನು ಗುಟ್ಟಿನಂತೆ ಒಳಗಿಟ್ಟುಕೊಳ್ಳಬೇಕು. ಜನವರಿ 1ರಂದು ಸಂಕಲ್ಪಗಳನ್ನು ಎಲ್ಲರಿಗೂ ಸಾರುವ ಈಗಿನ ರೂಢಿಗೆ ಇದು ನೇರ ಎದುರು.

ಈ ವಿಚಾರದ ತಿರುಳು ಇರುವುದು ‘ಈ ಚಿಂಗ್’ ಎಂಬ ಗ್ರಂಥದ ಒಂದು ಚಿತ್ರದಲ್ಲಿ. ಆ ಗ್ರಂಥದಲ್ಲಿ ಆರಾರು ಗೆರೆಗಳ 64 ಆಕೃತಿಗಳಿವೆ. 24ನೆಯದರ ಹೆಸರು ‘ಫು’, ಅಂದರೆ ಮರಳುವಿಕೆ. ಒಂದು ಕಾಗದದಲ್ಲಿ ಬರೆದು ನೋಡಿ: ಕೆಳಗೆ ಒಂದು ಅಖಂಡ ಗೆರೆ, ಅದರ ಮೇಲೆ ನಡುವೆ ಕಡಿದ ಐದು ಗೆರೆಗಳು. ಕಡಿದ ಗೆರೆ ಯಿನ್, ಅಂದರೆ ಕತ್ತಲೆ ಮತ್ತು ತಂಪು. ಅಖಂಡ ಗೆರೆ ಯಾಂಗ್, ಅಂದರೆ ಬೆಳಕು ಮತ್ತು ಕಾವು. ಡಿಸೆಂಬರ್ 21 ಅಥವಾ 22ರ ಸುಮಾರಿಗೆ ಬರುವ ‘ದೋಂಗ್‌ಝಿ’, ಅಂದರೆ ವರ್ಷದ ಅತಿ ದೀರ್ಘ ರಾತ್ರಿಯ ದಿನ, ಈ ಆಕೃತಿಗೆ ಸೇರಿದ್ದು. ಐದು ಪದರ ಕತ್ತಲೆಯ ಅಡಿಯಲ್ಲಿ ಬೆಳಕಿನ ಒಂದು ಎಳೆ ಮರಳಿ ಬಂದಿದೆ.

ಬಂದದ್ದಕ್ಕೆ ಸಂಭ್ರಮಿಸಿ ಹೊರಡಬೇಕಲ್ಲವೇ? ಗ್ರಂಥ ಹೇಳುವುದು ಬೇರೆ. ಆ ದಿನ ಹಿಂದಿನ ಅರಸರು ಗಡಿಯ ಬಾಗಿಲುಗಳನ್ನು ಮುಚ್ಚಿಸುತ್ತಿದ್ದರು, ವರ್ತಕರು ದಾರಿ ಹಿಡಿಯುತ್ತಿರಲಿಲ್ಲ, ದೊರೆ ಸೀಮೆ ಸುತ್ತುತ್ತಿರಲಿಲ್ಲ. ಹಾನ್ ರಾಜವಂಶದ ಕಾಲದಲ್ಲಿ ದೋಂಗ್‌ಝಿಯ ಆಸುಪಾಸು ಆಸ್ಥಾನದ ರಾಜಕಾರ್ಯವೂ ನಿಲ್ಲುತ್ತಿತ್ತು.

ಯಾಕೆ ಎಂಬುದರ ಮೇಲೆ ಗ್ರಂಥದ ವ್ಯಾಖ್ಯಾನಕಾರರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ಇಪ್ಪತ್ಮೂರರ ಹರೆಯದಲ್ಲೇ ತೀರಿಕೊಂಡ ವಾಂಗ್ ಬಿ (226–249), ಮರಳುವುದೆಂದರೆ ನಿಶ್ಚಲತೆಗೆ ಮರಳುವುದು ಎಂದ. ಎಲ್ಲ ಚಲನೆಯೂ ಕೊನೆಗೆ ತಣ್ಣಗಾಗುವುದು ಅಲ್ಲಿಯೇ, ಅದೇ ಭೂಮ್ಯಾಕಾಶಗಳ ಹೃದಯ ಎಂಬುದು ಅವನ ನಿಲುವು. ಎಂಟು ಶತಮಾನಗಳ ನಂತರ ಛೆಂಗ್ ಯಿ (1033–1107) ಇದನ್ನು ಒಪ್ಪಲಿಲ್ಲ. ಹೃದಯ ಕಾಣುವುದು ಚಲನೆಯ ಮೊದಲ ಮಿಡಿತದಲ್ಲಿ, ಕೆಳಗಿನ ಆ ಒಂದು ಗೆರೆಯಲ್ಲಿ ಎಂದ. ಆದರೆ ಬಾಗಿಲು ಮುಚ್ಚುವುದನ್ನು ಅವನೂ ಬಿಡಲಿಲ್ಲ. ಈಗಷ್ಟೇ ಹುಟ್ಟಿದ ಯಾಂಗ್ ತೀರಾ ಎಳೆಯದು, ಸದ್ದಿಲ್ಲದೆ ಇಟ್ಟರೆ ಮಾತ್ರ ಅದು ಬೆಳೆದೀತು ಎಂಬುದು ಅವನ ಕಾರಣ. ನನಗೆ ಛೆಂಗ್ ಯಿಯ ಮಾತೇ ಸರಿಯೆನಿಸುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ಚೀನೀ ಭಾಷೆ ಬೇಕಿಲ್ಲ, ಬಾಣಂತಿ ಕೋಣೆ ನೋಡಿದ್ದರೆ ಸಾಕು. ಬಾಗಿಲು ಓರೆಮಾಡಿ, ಗಾಳಿ ತಡೆದು, ಅಗ್ಗಿಷ್ಟಿಕೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬಂದವರನ್ನು ಪಡಸಾಲೆಯಲ್ಲೇ ಮಾತಾಡಿಸಿ ಕಳಿಸುತ್ತಿದ್ದ ಅಜ್ಜಿಯರು ಮಾಡುತ್ತಿದ್ದದ್ದು ಅದನ್ನೇ. ಮಗು ಹುಟ್ಟಿದೆ, ಆದ್ದರಿಂದಲೇ ಮನೆ ಮೆಲ್ಲಗಾಗಿದೆ.

ಗಿಡಮರಗಳೂ ಇದಕ್ಕೆ ಸಾಕ್ಷಿ. ಸೇಬಿನ ಮುಂದಿನ ವಸಂತದ ಹೂಮೊಗ್ಗು ಹಿಂದಿನ ಬೇಸಗೆಯಲ್ಲೇ ರೂಪುಗೊಂಡು, ಪೊರೆಗಳೊಳಗೆ ಮುದುಡಿ ಕೂತಿರುತ್ತದೆ. ಸಾಕಷ್ಟು ದಿನ ಚಳಿ ತಿನ್ನದಿದ್ದರೆ ಅದು ಸರಿಯಾಗಿ ಅರಳುವುದಿಲ್ಲ. ಶೀತದೇಶಗಳಲ್ಲಿ ಚಳಿಗೆ ಮುಂಚೆ ಬಿತ್ತುವ ಗೋಧಿಯೂ ವಾರಗಟ್ಟಲೆ ತಂಪು ಉಣ್ಣದೆ ತೆನೆಗೆ ಬರುವುದಿಲ್ಲ.

ಚಳಿಗಾಲದ ಈ ವಿಶ್ರಾಂತಿಯನ್ನು ಹಾಗೇ ತಂದು ಕರ್ನಾಟಕಕ್ಕೆ ಅಂಟಿಸಬಾರದು. ನಮ್ಮ ಚಳಿ ಕೊಯ್ಲು, ಕಣ, ಅವರೆಕಾಯಿಯ ಕಾಲ; ಹೇಮಂತದಲ್ಲಿ ಜಠರಾಗ್ನಿ ಪ್ರಬಲ, ವ್ಯಾಯಾಮಕ್ಕೆ ಹೇಳಿಸಿದ ಋತು ಎನ್ನುತ್ತದೆ ಆಯುರ್ವೇದ. ನಮ್ಮಲ್ಲಿ ದಾರಿ ನಿಲ್ಲಿಸಿದ್ದು ಮಳೆ. ಭಿಕ್ಷುಗಳ ವರ್ಷಾವಾಸ, ಯತಿಗಳ ಚಾತುರ್ಮಾಸ್ಯ, ಆಷಾಢದ ಏಕಾದಶಿಗೆ ಮಲಗಿ ಕಾರ್ತಿಕದಲ್ಲಿ ಏಳುವ ವಿಷ್ಣು, ಎಲ್ಲವೂ ಆ ಕಾಲದವು. ಯಾವ ಋತುವಿನಲ್ಲಿ ನಿಲ್ಲಬೇಕೆಂದು ಹೇಳುವುದು ಆಯಾ ನೆಲ.

ಆದರೆ ನಮ್ಮ ಎಷ್ಟೋ ಮಕ್ಕಳು ಈಗ ಹಿಮದ ನೆಲದಲ್ಲಿದ್ದಾರೆ. ಅವರಿಗಾಗಿ ಚೀನಾದ ಮನೆಗಳ ಒಂದು ಹಳೆಯ ಪದ್ಧತಿ ಹೇಳಿಬಿಡುತ್ತೇನೆ. ದೋಂಗ್‌ಝಿಯ ದಿನ ಬಿಳಿ ಕಾಗದದಲ್ಲಿ ಪ್ಲಮ್ ಮರದ ಕೊಂಬೆ ಬರೆದು, ಒಂಬತ್ತು ಹೂ, ಹೂವಿಗೆ ಒಂಬತ್ತು ದಳ, ಒಟ್ಟು 81 ದಳಗಳನ್ನು ಬಣ್ಣವಿಲ್ಲದೆ ಬಿಡುತ್ತಿದ್ದರು. ದಿನಕ್ಕೊಂದು ದಳಕ್ಕೆ ಬಣ್ಣ. ಹೂವಿನ ಬದಲು 81 ವೃತ್ತ ಬರೆದವರು ಆ ದಿನದ ಹವೆಯನ್ನೂ ಗುರುತಿಸುತ್ತಿದ್ದರು: ಮೋಡಕ್ಕೆ ಮೇಲ್ಭಾಗ, ಬಿಸಿಲಿಗೆ ಕೆಳಭಾಗ, ಗಾಳಿಗೆ ಎಡ, ಮಳೆಗೆ ಬಲ, ಹಿಮ ಬಿದ್ದರೆ ನಡುವೆ.

ತಂಗೀ, ಈ ಸಲ ಸಂಕಲ್ಪದ ಪಟ್ಟಿ ಬೇಡ, ಗೋಡೆಗೆ ಇದನ್ನು ಹಚ್ಚು. ದಿನಕ್ಕೆ ಒಂದೇ ದಳ. ಕೊನೆಯದಕ್ಕೆ ಬಣ್ಣ ಬೀಳುವುದು ಮಾರ್ಚ್ 12ರ ಸುಮಾರಿಗೆ, ಇಲ್ಲಿ ನಮಗೆ ಯುಗಾದಿ ಹತ್ತಿರವಾಗುವ ಹೊತ್ತಿಗೆ.