ಇಂದಿನ ಧಮ್ಮ ಚಿಂತನೆ: ಕೊಟ್ಟು ಬೆಳೆಯುವ ನಕ್ಷತ್ರ



ಧನು ನಕ್ಷತ್ರಪುಂಜದಲ್ಲಿ, ಸುಮಾರು 5,500 ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನಿಗಿಂತ ಹಲವು ಪಟ್ಟು ಭಾರದ ಎಳೆಯ ನಕ್ಷತ್ರವೊಂದು ಬೆಳೆಯುತ್ತಿದೆ. ಸುತ್ತ ಗಿರಗಿರನೆ ತಿರುಗುವ ಅನಿಲವನ್ನು ಒಳಗೆಳೆದುಕೊಳ್ಳುತ್ತಲೇ, ಒಂದು ಪಾಲನ್ನು ಸೆಕೆಂಡಿಗೆ 1,000 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಡೂ ಕಡೆ ಹೊರಚಿಮ್ಮಿಸುತ್ತದೆ. ಆ ಪಾಲು ತಿರುಗುವ ರಭಸವನ್ನೂ ಹೊತ್ತೊಯ್ಯುವುದರಿಂದಲೇ ಉಳಿದ ಅನಿಲ ಒಳಗಿಳಿಯುತ್ತದೆ, ನಕ್ಷತ್ರ ಬೆಳೆಯುತ್ತದೆ.

ನಕ್ಷತ್ರಕ್ಕೆ ಮನಸ್ಸಿಲ್ಲ, ಅಲ್ಲಿರುವುದು ಕಾರಣ, ಪರಿಣಾಮ ಅಷ್ಟೇ. ಮನಸ್ಸಿರುವ ನಮಗೆ ಅದೇ ದಾನ ಪಾರಮಿತೆ. 1956ರ ಅಕ್ಟೋಬರ್ 15ರಂದು ನಾಗಪುರದಲ್ಲಿ ಬಾಬಾಸಾಹೇಬರು ಆದಾಯದ 20ರಲ್ಲಿ ಒಂದು ಪಾಲನ್ನು ಧಮ್ಮಕಾರ್ಯಕ್ಕೆ ಕೊಡಲು ಹೇಳಿದರು. ಸಂಬಳ ಬಂದ ದಿನ ನನ್ನನ್ನೇ ಕೇಳಿಕೊಳ್ಳುತ್ತೇನೆ: ನಾನು ಓದಲೆಂದು ಕೇರಿ ಹೊಟ್ಟೆ ಕಟ್ಟಿತು, ಕೇರಿಯ ಮಗುವಿನ ಓದಿಗೆ ನನ್ನ ಪಾಲು ಹೋಯಿತೇ? ಈ ತಿಂಗಳು ನೀವೂ ಕೇಳಿಕೊಳ್ಳಿ.

ಭವತು ಸಬ್ಬ ಮಂಗಲಂ.